ಕಣ್ಣು ಕತ್ತಲೆ ಬಂದು ಹೋದ ಆ ಅರೆ ನಿಮಿಷ

"ತಲೆ ಸುತ್ತಿ ಬಿದ್ರಾ?" ಅಂತ ಕೇಳುತ್ತಾರೆ. "ಇಲ್ಲ ಡಾಕ್ಟ್ರೇ, ಬೀಳೋ ಹಾಗಾಯ್ತು, ಬೀಳಲಿಲ್ಲ" ಅಂದರೆ ಪೆನ್ನು ಮುಂದಿನ ಸಾಲಿಗೆ ಹೋಗುತ್ತದೆ. ಹೊರಗೆ ನೂರು ಜನ ಚೀಟಿ ಹಿಡಿದು ಕೂತಿರುವಾಗ ಬೀಳದೇ ಇದ್ದವರ ಕಥೆ ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಮನೆಯಲ್ಲೂ ಅಷ್ಟೇ. ಸದ್ಯ ಬೀಳಲಿಲ್ಲ ಅಲ್ವಾ ಅಂತ ಒಂದು ಲೋಟ ಮಜ್ಜಿಗೆ ಕೊಟ್ಟು, ಎಲ್ಲರೂ ಅವರವರ ಕೆಲಸ ನೋಡಿಕೊಳ್ಳುತ್ತಾರೆ. ನಾವೂ ಸಂಜೆ ಹೊತ್ತಿಗೆ ಮರೆತುಬಿಡುತ್ತೇವೆ.

ನನಗೆ ಏಟ್ರಿಯಲ್ ಫಿಬ್ರಿಲೇಷನ್ ಇದೆ. ಡಾಕ್ಟರುಗಳು ಚಿಕ್ಕದಾಗಿ ಎಎಫ್ ಅನ್ನುತ್ತಾರೆ. ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ. ಹಾಸನದಂಥ ಊರಿನಲ್ಲಿ ಈ ಕಾಯಿಲೆ ಇಟ್ಟುಕೊಂಡು ವರ್ಷಗಳಿಂದ ಬದುಕುತ್ತಿರುವವಳಾಗಿ ಒಂದು ಮಾತು ಹೇಳಬೇಕು ಅನ್ನಿಸಿದೆ. ಬೀಳಲಿಲ್ಲ ಅನ್ನುವುದು ಸಮಾಧಾನದ ವಿಷಯ ನಿಜ. ಆದರೆ ಆ ಅರೆ ನಿಮಿಷದಲ್ಲಿ ಏನಾಯಿತು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು ಅನ್ನುವುದರಲ್ಲಿ ಕಾರಣ ಇರುತ್ತದೆ. ಅದನ್ನು ಬಿಟ್ಟರೆ ಔಷಧಿ ತಪ್ಪು ದಾರಿ ಹಿಡಿಯಬಹುದು. ನಮ್ಮ ಮನೆಯಲ್ಲೇ ಹಾಗಾಗಿದೆ.

ಮೊದಲು ಆ ಕಾಯಿಲೆ ಏನು ಅಂತ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಹೃದಯ ಅಂದ ಕೂಡಲೇ ಜನ ಬೆಚ್ಚುತ್ತಾರೆ. 2025ರ ಮೇ, ಜೂನ್ ತಿಂಗಳಲ್ಲಿ ಹಾಸನದ ಹೆಸರು ದಿನಾ ಟಿವಿಯಲ್ಲಿ ಬಂತು. ಚಿಕ್ಕ ವಯಸ್ಸಿನವರು ಹಠಾತ್ತನೆ ಸತ್ತ ಸುದ್ದಿ ಒಂದರ ಹಿಂದೆ ಒಂದು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನ ಜಾವದಿಂದಲೇ ಸಾಲು ನಿಂತರು. ಸರ್ಕಾರ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಕಾಣುವುದಿಲ್ಲ ಅಂತ ಸಮಿತಿ ಹೇಳಿತು. ಆದರೆ ಭಯ ವರದಿ ಓದಿ ಹೋಗುವಂಥದ್ದಲ್ಲ. ಆ ತಿಂಗಳುಗಳಲ್ಲಿ ನನಗೆ ಎಎಫ್ ಇದೆ ಅಂತ ಗೊತ್ತಿದ್ದವರೆಲ್ಲ ಫೋನ್ ಮಾಡಿ "ಹುಷಾರಾಗಿದ್ದೀರಾ?" ಅಂತ ಕೇಳಿದರು. ಅವರ ಪ್ರೀತಿ ದೊಡ್ಡದು. ಆದರೂ ಹಾರ್ಟ್ ಅಟ್ಯಾಕ್ ಬೇರೆ, ಎಎಫ್ ಬೇರೆ. ಅಲ್ಲಿ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುತ್ತದೆ. ಇಲ್ಲಿ ನಾಳ ಚೆನ್ನಾಗಿಯೇ ಇರಬಹುದು, ಬಡಿತಕ್ಕೆ ಸೂಚನೆ ಕೊಡುವ ವಿದ್ಯುತ್ ಕೆಟ್ಟಿರುತ್ತದೆ.

ಹೃದಯದ ಮೇಲಿನ ಎರಡು ಕೋಣೆಗಳು ಒಟ್ಟಿಗೆ ಹಿಂಡಿ ಕೆಳಗಿನ ಕೋಣೆಗಳಿಗೆ ರಕ್ತ ಇಳಿಸಬೇಕು. ಎಎಫ್‌ನಲ್ಲಿ ಅವು ಹಿಂಡುವುದನ್ನು ಬಿಟ್ಟು ಸುಮ್ನೆ ನಡುಗುತ್ತವೆ. ಮೇಲೆ ನಿಮಿಷಕ್ಕೆ 350ರಿಂದ 600ರ ತನಕ ಅಡ್ಡಾದಿಡ್ಡಿ ಸೂಚನೆಗಳು ಓಡಾಡುತ್ತವೆ. ಅವೆಲ್ಲ ಕೆಳಗೆ ಇಳಿಯುವುದಿಲ್ಲ. ನಡುವೆ ಇರುವ ಎವಿ ನೋಡ್ ಎಂಬ ಗಂಟು ಬಹಳಷ್ಟನ್ನು ತಡೆಯುತ್ತದೆ. ಆದರೂ ಔಷಧಿ ಇಲ್ಲದಿದ್ದರೆ ಕೆಳಗಿನ ಕೋಣೆಗಳು ನಿಮಿಷಕ್ಕೆ 120, 150 ಸಲ, ಒಂದಕ್ಕೊಂದು ಸಂಬಂಧವಿಲ್ಲದ ಅಂತರದಲ್ಲಿ ಬಡಿಯುತ್ತವೆ. ಕೆಲವರಿಗೆ ಇದು ಬಂದು ಹೋಗುತ್ತದೆ. ಕೆಲವರಿಗೆ ಬಂದದ್ದು ಹೋಗುವುದೇ ಇಲ್ಲ. ಕೆಲವರಿಗಂತೂ ಇದೆ ಅಂತಲೇ ಗೊತ್ತಿರುವುದಿಲ್ಲ, ಬೇರೆ ಯಾವುದಕ್ಕೋ ಇಸಿಜಿ ತೆಗೆದಾಗ ಸಿಗುತ್ತದೆ.

ಈಗ ಕಣ್ಣು ಕತ್ತಲೆಯ ವಿಷಯ. ನನಗೆ ಅದು ಚೆನ್ನಾಗಿ ನೆನಪಿರುವುದು ಹಾಸನಾಂಬೆಯ ಸಾಲಿನಲ್ಲಿ. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಬಾಗಿಲು ತೆಗೆದಾಗ ನಮ್ಮ ಊರು ಊರಾಗಿ ಇರುವುದಿಲ್ಲ. ದರ್ಶನ ಆಗುವ ತನಕ ಏನೂ ತಿನ್ನುವುದಿಲ್ಲ ಅಂತ ಬೆಳಗ್ಗೆ ಬಿಪಿ ಮಾತ್ರೆ ನುಂಗಿ, ಒಂದು ಲೋಟ ಕಾಫಿ ಕುಡಿದು ಹೊರಟಿದ್ದೆ. ಮೇಲೆ ತಗಡು, ಎರಡೂ ಕಡೆ ಬ್ಯಾರಿಕೇಡ್, ಹಿಂದೆ ಮುಂದೆ ಜನ. ಸಾಲು ಗಂಟೆಗಟ್ಟಲೆ ಕದಲಲಿಲ್ಲ. ಮೊದಲು ಬಂದದ್ದು ಆಕಳಿಕೆ. ಒಂದರ ಮೇಲೊಂದು. ಆಮೇಲೆ ಕುತ್ತಿಗೆಯ ಹಿಂದೆ ತಣ್ಣನೆ ಬೆವರು. ಹೊಟ್ಟೆ ತೊಳಸಿತು. ಮುಂದೆ ನಿಂತಿದ್ದ ಹೆಂಗಸು ಗಿಳಿಹಸಿರು ಸೀರೆ ಉಟ್ಟಿದ್ದರು. ಆ ಹಸಿರು ನೋಡನೋಡುತ್ತಲೇ ಬೂದು ಬಣ್ಣಕ್ಕೆ ತಿರುಗಿತು. ಅಂಚಿನಿಂದ ಕತ್ತಲೆ ಒಳಗೆ ಬಂತು. ಮೈಕಿನಲ್ಲಿ ಕೂಗುತ್ತಿದ್ದವರ ದನಿ ಪಕ್ಕದ ಬೀದಿಗೆ ಹೋದ ಹಾಗೆ ಕೇಳಿಸಿತು. ಬ್ಯಾರಿಕೇಡ್ ಹಿಡಿದು ಅಲ್ಲೇ ನೆಲಕ್ಕೆ ಕೂತು, ಮಂಡಿಗಳ ನಡುವೆ ತಲೆ ಬಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಸೀರೆಗೆ ಹಸಿರು ವಾಪಸ್ ಬಂತು.

ಬಣ್ಣ ಮೊದಲು ಹೋಗುವುದಕ್ಕೆ ಕಾರಣ ಇದೆ. ಕಣ್ಣುಗುಡ್ಡೆಯೊಳಗೆ ಅದರದೇ ಒತ್ತಡ ಇರುತ್ತದೆ. ರಕ್ತದೊತ್ತಡ ಕುಸಿದಾಗ ಆ ಒತ್ತಡ ಮೀರಿ ಕಣ್ಣಿನ ಪರದೆಗೆ ರಕ್ತ ಹೋಗುವುದು ಕಷ್ಟವಾಗುತ್ತದೆ. ಹಾಗಾಗಿ ಮಿದುಳು ಇನ್ನೂ ಎಚ್ಚರ ಇರುವಾಗಲೇ ನೋಟ ಮಸುಕಾಗುತ್ತದೆ. ಮಿದುಳಿಗೆ ರಕ್ತ ಪೂರ್ತಿ ನಿಂತರೆ ಆರೆಂಟು ಸೆಕೆಂಡು ಸಾಕು, ಪ್ರಜ್ಞೆ ಹೋಗುತ್ತದೆ. ಹಾಗಾಗಿ ಕಣ್ಣು ಮಸುಕಾದದ್ದು ಗೊತ್ತಾದ ಕ್ಷಣವೇ ಕೂರಬೇಕು, ಸಾಧ್ಯವಾದರೆ ಮಲಗಬೇಕು. ಜನ ನೋಡುತ್ತಾರೆ ಅಂತ ನಾಚಿಕೊಳ್ಳುವಷ್ಟು ಸಮಯ ಅಲ್ಲಿ ಇಲ್ಲ.

ಆವತ್ತು ಸುತ್ತ ಇದ್ದವರು ತುಂಬಾ ಒಳ್ಳೆಯವರು. ಯಾರೋ ನೀರು ಕೊಟ್ಟರು, ಯಾರೋ ಸೆರಗಿನಿಂದ ಗಾಳಿ ಬೀಸಿದರು. ಆದರೆ ಇಬ್ಬರು ರಟ್ಟೆ ಹಿಡಿದು "ಏಳಿಸಿ, ಏಳಿಸಿ, ನಿಲ್ಲಿಸಿ" ಅಂದರು. ಇದು ನಮ್ಮ ಕಡೆ ಎಲ್ಲ ಕಡೆಯೂ ನಡೆಯುವುದು. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಸಂತೆಯಲ್ಲಿ ಯಾರಿಗಾದರೂ ಬವಳಿ ಬಂದರೆ ಕಂಕುಳಿಗೆ ಕೈ ಕೊಟ್ಟು ನೆಟ್ಟಗೆ ಹಿಡಿದುಕೊಳ್ಳುತ್ತಾರೆ. ಬೀಳದಿರಲಿ ಅನ್ನುವ ಒಳ್ಳೆಯ ಮನಸ್ಸೇ ಅದು. ಆದರೆ ಮಿದುಳಿಗೆ ರಕ್ತ ಸಾಲದೆ ಬವಳಿ ಬಂದಿರುವಾಗ ತಲೆಯನ್ನು ಎತ್ತರದಲ್ಲಿ ಹಿಡಿದರೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ಅಂಗಾತ ಮಲಗಿಸಿ, ಕಾಲು ಎತ್ತಿ ಹಿಡಿಯುವುದೇ ಸರಿ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು, ಉಸಿರಿನ ಕೊಳವೆಗೆ ಹೋಗುತ್ತದೆ. ಈರುಳ್ಳಿ ಮೂಸಿಸುವುದರಿಂದ, ಕೈಗೆ ಬೀಗದ ಕೈ ಕೊಡುವುದರಿಂದ ರಕ್ತದೊತ್ತಡ ಏರುವುದಿಲ್ಲ. ಎರಡು ನಿಮಿಷ ನೆಲದ ಮೇಲೆ ಮಲಗಲು ಬಿಟ್ಟರೆ ಬಹಳಷ್ಟು ಜನ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಉಸಿರಾಟವೇ ಸರಿಯಾಗಿ ಇಲ್ಲದಿದ್ದರೆ ಮಾತ್ರ ಅದು ಬೇರೆಯೇ ಸಂಗತಿ. ಆಗ 108ಕ್ಕೆ ಕರೆ ಮಾಡಿ ಎದೆ ಒತ್ತಲು ಶುರು ಮಾಡಬೇಕು.

ಮನೆಗೆ ಬಂದ ಮೇಲೆ ಎಲ್ಲರ ತೀರ್ಮಾನ ಒಂದೇ ಆಗಿತ್ತು. "ನಿಂಗೆ ಹಾರ್ಟಿನ ತೊಂದ್ರೆ ಇದೆಯಲ್ಲ, ಅದೇ ಬಂದಿದೆ." ನಮ್ಮ ಅತ್ತೆ ಮಾತ್ರ ಪಿತ್ತ ಅಂದರು. ಡಾಕ್ಟರ ಹತ್ತಿರ ಹೋದಾಗ ನನ್ನ ಪುಣ್ಯಕ್ಕೆ ಅವರು ಬಿಡಿಸಿ ಬಿಡಿಸಿ ಕೇಳಿದರು. ಎಷ್ಟು ಹೊತ್ತು ನಿಂತಿದ್ದಿರಿ? ಊಟ, ನೀರು? ಆಗ ಎದೆ ಡವಡವ ಅಂತಿತ್ತಾ? ನಾನು ನೆನಪಿಸಿಕೊಂಡೆ. ಇಲ್ಲ. ಅವತ್ತು ಎದೆ ಸುಮ್ಮನಿತ್ತು. ಎಎಫ್ ಬಂದಾಗ ಗಂಟಲ ಕೆಳಗೆ ಮೀನು ಒದ್ದಾಡಿದ ಅನುಭವ ನನಗೆ ಗೊತ್ತಿದೆ, ಅದು ಇರಲಿಲ್ಲ. ಅವರು ನನ್ನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿದರು. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದರು, ಮೂರು ನಿಮಿಷಕ್ಕೆ ಮತ್ತೆ ನೋಡಿದರು. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ಬರುವ ಕುಸಿತ. ನನ್ನದು ಅದಕ್ಕಿಂತ ಜಾಸ್ತಿಯೇ ಇಳಿದಿತ್ತು.

ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಮೀರಿ ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ನಾಳಗಳು ಬಿಗಿದುಕೊಂಡು, ಬಡಿತ ಸ್ವಲ್ಪ ಏರಿ ಅದು ಸರಿಹೋಗುತ್ತದೆ. ನಾನು ನುಂಗುತ್ತಿದ್ದ ಮಾತ್ರೆಗಳಲ್ಲಿ ಒಂದು ನಾಳ ಸಡಿಲ ಮಾಡುವಂಥದ್ದು, ಇನ್ನೊಂದು ಬಡಿತ ಏರದಂತೆ ಹಿಡಿಯುವಂಥದ್ದು, ಮೂರನೆಯದು ನೀರು ಹೋಗುವ ಮಾತ್ರೆ. ಒಂದೊಂದೂ ಅದರದರ ಕೆಲಸಕ್ಕೆ ಬೇಕಾದದ್ದೇ. ಆದರೆ ಖಾಲಿ ಹೊಟ್ಟೆ, ಬಿಸಿಲು, ಕದಲದ ಸಾಲು ಇವುಗಳ ಜೊತೆ ಸೇರಿದಾಗ ದೇಹಕ್ಕೆ ಸರಿಮಾಡಿಕೊಳ್ಳಲು ದಾರಿಯೇ ಉಳಿಯಲಿಲ್ಲ. ಡಾಕ್ಟರು ನೀರಿನ ಮಾತ್ರೆ ನಿಲ್ಲಿಸಿದರು, ಇನ್ನೊಂದನ್ನು ರಾತ್ರಿಗೆ ಬದಲಿಸಿದರು. ಎಎಫ್ ಔಷಧಿ ಮುಟ್ಟಲಿಲ್ಲ. ಮನೆಯವರು ಅಂದುಕೊಂಡ ಹಾಗೆ ಎಎಫ್ ಜೋರಾಗಿದೆ ಅಂತ ಬಡಿತ ಇಳಿಸುವ ಮಾತ್ರೆಯನ್ನು ಏರಿಸಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಅಣ್ಣತಮ್ಮಂದಿರ ಪೈಕಿ ಯಾರಿಗಾದರೂ ಪ್ರಾಸ್ಟೇಟ್ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೃದಯದ ಡಾಕ್ಟರಿಗೆ ಹೇಳಿ. ಟ್ಯಾಮ್ಸುಲೋಸಿನ್ ಥರದವು ನಿಂತಾಗ ಬಿಪಿ ಇಳಿಸುತ್ತವೆ. ಆ ಮಾತ್ರೆ ಬರೆದವರು ಬೇರೆ ಡಾಕ್ಟರಾದ್ದರಿಂದ ಇವರಿಗೆ ಗೊತ್ತೇ ಇರುವುದಿಲ್ಲ. ರಾತ್ರಿ ಬಚ್ಚಲಿಗೆ ಎದ್ದು ಹೋಗುವ ಗಂಡಸರು ಅಲ್ಲೇ ಕುಸಿಯುವುದಕ್ಕೆ ಇದೂ ಒಂದು ಕಾರಣ.

ಬಡಿತ ನಿಜವಾಗಿಯೂ ಜೋರಾದಾಗ ಬರುವ ಕಣ್ಣುಕತ್ತಲೆ ಬೇರೆ ಥರ. ಅದೂ ನನಗೆ ಗೊತ್ತು. ಒಗೆದ ಬಟ್ಟೆಯ ಬಕೆಟ್ ಹಿಡಿದು ತಾರಸಿಯ ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಓಟ ಶುರುವಾಯಿತು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ತಲೆ ಹಗುರ, ಕಾಲಲ್ಲಿ ಶಕ್ತಿ ಇಲ್ಲ. ಹೃದಯ ಹಿಂಡುವುದಕ್ಕೆ ಮೊದಲು ತುಂಬಿಕೊಳ್ಳಬೇಕು, ಅದಕ್ಕೆ ಬಿಡುವು ಬೇಕು. ನಲ್ಲಿಯ ಕೆಳಗಿಟ್ಟ ಕೊಡವನ್ನು ತುಂಬುವ ಮೊದಲೇ ಎತ್ತಿ ಎತ್ತಿ ಸುರಿದ ಹಾಗೆ, ಬಡಿತ ಎಷ್ಟೇ ಜಾಸ್ತಿಯಾದರೂ ಒಂದೊಂದು ಬಡಿತಕ್ಕೆ ಹೊರಗೆ ಹೋಗುವ ರಕ್ತ ಕಡಿಮೆ. ಇದರ ಜೊತೆಗೆ ಮೇಲಿನ ಕೋಣೆ ಹಿಂಡುತ್ತಿಲ್ಲ. ಸಾಮಾನ್ಯವಾಗಿ ಕೆಳಗಿನ ಕೋಣೆ ತುಂಬುವುದರಲ್ಲಿ ಐದನೇ ಒಂದು ಪಾಲು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಆ ಹಿಂಡುವಿಕೆಯಿಂದ ಬರುತ್ತದೆ. ವಯಸ್ಸಾಗಿ, ಬಿಪಿಯಿಂದ ಹೃದಯ ಗಡುಸಾದವರಿಗೆ ಆ ಪಾಲು ಇನ್ನೂ ಮುಖ್ಯ. ಅದು ತಪ್ಪಿದ್ದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ನಮ್ಮ ಚಿಕ್ಕಮ್ಮನಿಗೆ ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಕವಾಟ ಕಿರಿದಾಗಿತ್ತು. ನಮ್ಮ ದೇಶದಲ್ಲಿ ಎಎಫ್‌ಗೆ ಇದು ಇನ್ನೂ ದೊಡ್ಡ ಕಾರಣ. ಕಿರಿದಾದ ಕವಾಟದಲ್ಲಿ ರಕ್ತ ಇಳಿಯಲು ಹೊತ್ತು ಬೇಕು. ಬಡಿತ ಓಡಿದರೆ ಆ ಹೊತ್ತು ಸಿಗುವುದಿಲ್ಲ. ಅವರಿಗೆ ಎಎಫ್ ಬಂದರೆ ಒಂದೇ ಸಲಕ್ಕೆ ಉಸಿರು ಕಟ್ಟಿ, ಕಣ್ಣು ಕತ್ತಲೆ ಬರುತ್ತಿತ್ತು. ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ ಕಣ್ಣು ಕತ್ತಲೆ ಬರುವವರು ಯಾರೇ ಇರಲಿ, ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸದೆ ಇರಬಾರದು. ಕವಾಟ ಕಿರಿದಾಗಿದೆಯೋ, ಸ್ನಾಯು ದಪ್ಪವಾಗಿದೆಯೋ ಅದರಲ್ಲೇ ಗೊತ್ತಾಗುವುದು.

ಮೂರನೆಯ ಥರದ್ದು ನನಗೆ ಬಂದಿಲ್ಲ. ಬಂದದ್ದು ನಮ್ಮ ಭಾವನವರಿಗೆ, ಅಕ್ಕನ ಯಜಮಾನರು. ಮೂಡಿಗೆರೆ ಕಡೆ ತೋಟ. ಮಳೆಗಾಲದ ಒಂದು ಸಂಜೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದೆ ಮಧ್ಯಾಹ್ನದಿಂದ ಓಡುತ್ತಿತ್ತಂತೆ. ಇದ್ದಕ್ಕಿದ್ದ ಹಾಗೆ ಓಟ ನಿಂತಿತು. ಅಬ್ಬಾ ನಿಂತಿತಲ್ಲ ಅಂದುಕೊಳ್ಳುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕಟ್ಟಿ, ತಲೆ ಪಕ್ಕಕ್ಕೆ ವಾಲಿತು. ಅಕ್ಕ "ರೀ, ರೀ" ಅಂತ ಅಲುಗಾಡಿಸುವಷ್ಟರಲ್ಲಿ ಕಣ್ಣು ಬಿಟ್ಟರು. ಹತ್ತಿರದ ಪೇಟೆಯಲ್ಲಿ ತೋರಿಸಿದರೆ ಇಸಿಜಿ ಸರಿಯಾಗಿತ್ತು. ಆಗ ಓಟ ನಿಂತಿತ್ತಲ್ಲ! ಗ್ಲೂಕೋಸ್ ಹಾಕಿ ಕಳಿಸಿದರು. ಇನ್ನೊಂದು ಕಡೆ ಎಎಫ್ ಗೊತ್ತಾದ ಮೇಲೆ ಬಡಿತ ಇಳಿಸುವ ಮಾತ್ರೆ ಕೊಟ್ಟರು, ಆಮೇಲೆ ಅದನ್ನೇ ಏರಿಸಿದರು. ಕಣ್ಣು ಕತ್ತಲೆ ಕಡಿಮೆಯಾಗುವ ಬದಲು ಜಾಸ್ತಿಯಾಯಿತು.

ಹೃದಯಕ್ಕೆ ಅದರದೇ ಸಹಜ ತಾಳ ಕೊಡುವ ಜಾಗವನ್ನು ಸೈನಸ್ ನೋಡ್ ಅನ್ನುತ್ತಾರೆ. ಎಎಫ್ ನಡೆಯುವಾಗ ಅದು ಹಿಂದೆ ಸರಿದು ಸುಮ್ಮನಿರುತ್ತದೆ. ಎಎಫ್ ನಿಂತ ಕ್ಷಣ ಅದು ತಿರುಗಿ ಕೆಲಸ ಶುರು ಮಾಡಬೇಕು. ಅದು ಸೊರಗಿದ್ದರೆ ಶುರು ಮಾಡಲು ಹೊತ್ತು ಹಿಡಿಯುತ್ತದೆ. ಆ ಮೂರು, ನಾಲ್ಕು, ಐದು ಸೆಕೆಂಡು ಹೃದಯ ಬಡಿಯುವುದೇ ಇಲ್ಲ. ಬಡಿತ ಇಳಿಸುವ ಮಾತ್ರೆ ಆ ಬಿಡುವನ್ನು ಇನ್ನಷ್ಟು ಎಳೆಯುತ್ತದೆ. ಒಮ್ಮೆ ಅತಿ ವೇಗ, ಒಮ್ಮೆ ಅತಿ ನಿಧಾನ. ಹೀಗಿರುವವರಿಗೆ ವೇಗಕ್ಕೆ ಮದ್ದು ಕೊಟ್ಟರೆ ನಿಧಾನಕ್ಕೆ ಕೆಡುತ್ತದೆ. ಭಾವನವರು ಬೆಂಗಳೂರಿಗೆ ಹೋದಾಗ ಅಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು ಒಂದೇ ಪ್ರಶ್ನೆ ಕೇಳಿದರಂತೆ. "ಕತ್ತಲೆ ಬಂದಿದ್ದು ಎದೆ ಓಡ್ತಿದ್ದಾಗಲೋ, ಓಟ ನಿಂತ ಮೇಲೋ?" ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಎದೆಗೆ ಹೋಲ್ಟರ್ ಕಟ್ಟಿ ಕಳಿಸಿದರು. ಬಡಿತವನ್ನು ಇಡೀ ದಿನ ಬರೆದುಕೊಳ್ಳುವ ಪುಟ್ಟ ಯಂತ್ರ ಅದು. ಓಟ ನಿಂತ ಜಾಗದಲ್ಲಿ ಉದ್ದನೆಯ ಸಪಾಟು ಗೆರೆ ಸಿಕ್ಕಿತು. ಪೇಸ್‌ಮೇಕರ್ ಹಾಕಿದರು. ಪೇಸ್‌ಮೇಕರ್ ಎಎಫ್ ಗುಣ ಮಾಡುವುದಿಲ್ಲ, ಹೃದಯ ನಿಲ್ಲದ ಹಾಗೆ ಕಾಯುತ್ತದೆ ಅಷ್ಟೇ. ಆ ಕಾವಲು ಇರುವುದರಿಂದ ಈಗ ಬಡಿತ ಇಳಿಸುವ ಮಾತ್ರೆಯನ್ನು ಧೈರ್ಯವಾಗಿ ಕೊಡಲು ಆಯಿತು.

ಒಂದೇ ಕಾಯಿಲೆ, ಒಂದೇ ಕಣ್ಣುಕತ್ತಲೆ. ಆದರೆ ನನ್ನ ತಾರಸಿ ಮೆಟ್ಟಿಲಿನದಕ್ಕೆ ಬಡಿತ ಇಳಿಸಬೇಕಿತ್ತು, ಸಾಲಿನದಕ್ಕೆ ಬಿಪಿ ಮಾತ್ರೆ ಕಡಿಮೆ ಮಾಡಬೇಕಿತ್ತು, ಭಾವನವರಿಗೆ ಪೇಸ್‌ಮೇಕರ್ ಬೇಕಿತ್ತು. ಡಾಕ್ಟರ ಮುಂದೆ ಕೂತಾಗ ಮೂರು ಸಲವೂ ಇಸಿಜಿ ಸರಿಯಾಗಿಯೇ ಇದ್ದಿರಬಹುದು. ವ್ಯತ್ಯಾಸ ಇದ್ದದ್ದು ನಾವು ಹೇಳುವ ಮಾತಿನಲ್ಲಿ.

ಈ ಕಾಯಿಲೆ ಪತ್ತೆಯಾದ ರೀತಿಯೂ ಹಾಗೇ ಇದೆ. ಜೇಮ್ಸ್ ಮೆಕೆಂಜಿ ಅಂತ ಇಂಗ್ಲೆಂಡಿನ ಬರ್ನ್‌ಲಿ ಎಂಬ ಮಿಲ್ಲಿನ ಊರಿನಲ್ಲಿ ಮನೆಮನೆಯ ವೈದ್ಯರಾಗಿದ್ದವರು. ದೊಡ್ಡ ಆಸ್ಪತ್ರೆಯವರಲ್ಲ. ಅದೇ ರೋಗಿಗಳನ್ನು ವರ್ಷಗಟ್ಟಲೆ ನೋಡುತ್ತಾ, ಅವರ ಮಣಿಕಟ್ಟಿನ ನಾಡಿಯನ್ನೂ ಕುತ್ತಿಗೆಯ ನಾಳದ ಅಲೆಯನ್ನೂ ಒಂದು ಸಣ್ಣ ಯಂತ್ರದಲ್ಲಿ ಬರೆದಿಟ್ಟರು. ನಾಡಿ ಪೂರ್ತಿ ತಾಳ ತಪ್ಪಿದವರಲ್ಲಿ ಮೇಲಿನ ಕೋಣೆಯ ಅಲೆಯೇ ಕಾಣೆಯಾಗಿರುತ್ತದೆ ಅಂತ ಗಮನಿಸಿದವರು ಅವರು. ಅದು ನಡುಗುತ್ತಿರುವುದರಿಂದ ಹೀಗೆ ಅಂತ 1909ರ ಸುಮಾರಿಗೆ ಥಾಮಸ್ ಲೂಯಿಸ್ ಎಂಬ ಇನ್ನೊಬ್ಬ ವೈದ್ಯರು ಇಸಿಜಿಯಲ್ಲಿ ತೋರಿಸಿದರು. ಒಬ್ಬ ರೋಗಿಯ ಹತ್ತಿರ ಪದೇ ಪದೇ ಕೂತು ಕೇಳಿದ್ದರಿಂದ ಸಿಕ್ಕ ಜ್ಞಾನ ಇದು. ನನಗೆ ಮೆಕೆಂಜಿಯವರ ಮೇಲೆ ತುಂಬಾ ಗೌರವ.

ಮನೆಯಲ್ಲಿ ನಾವು ಮಾಡಿಕೊಂಡಿರುವುದು ಹೀಗಿದೆ. ನಮ್ಮನೆಯವರು ನಾಡಿ ನೋಡುವುದು ಕಲಿತಿದ್ದಾರೆ. ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳು ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಎಎಫ್‌ನಲ್ಲಿ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಒಂದು ಕಾಲು ನಿಮಿಷದ ಹಾಗೆ ಇನ್ನೊಂದು ಇರುವುದಿಲ್ಲ. ಬಡಿತ ತುಂಬಾ ಜೋರಾಗಿದ್ದರೆ ಕೆಲವು ಬಡಿತ ಮಣಿಕಟ್ಟಿನ ತನಕ ಬರುವುದೇ ಇಲ್ಲ. ಎದೆಯಲ್ಲಿ 140 ಇದ್ದು ಕೈಯಲ್ಲಿ 100 ಸಿಗಬಹುದು. ಬಿಪಿ ಯಂತ್ರವೂ ಎಎಫ್ ಇರುವಾಗ ಸಲಕ್ಕೊಂದು ಅಂಕಿ ತೋರಿಸುತ್ತದೆ. ಮೂರು ಸಲ ನೋಡಿ ಸರಾಸರಿ ಹಿಡಿಯುವುದು ವಾಸಿ.

ಕಣ್ಣು ಕತ್ತಲೆ ಬಂದ ದಿನ, ನೆನಪು ಹಸಿ ಇರುವಾಗಲೇ ಬರೆದಿಡುತ್ತೇವೆ. ನಿಂತಿದ್ದೆನಾ, ಕೂತಿದ್ದೆನಾ, ಮಲಗಿದ್ದೆನಾ. ಎದೆ ಓಡುತ್ತಿತ್ತಾ, ಓಟ ನಿಂತಿತಾ, ಏನೂ ಇರಲಿಲ್ಲವಾ. ಊಟ ಆಗಿ ಎಷ್ಟು ಹೊತ್ತಾಗಿತ್ತು, ಯಾವ ಮಾತ್ರೆ ಯಾವಾಗ ನುಂಗಿದ್ದೆ. ಪಕ್ಕದಲ್ಲಿ ಇದ್ದವರಿಗೆ ಮುಖದ ಬಣ್ಣ ಹೇಗೆ ಕಂಡಿತು. ಮಲಗಿದ್ದಾಗ ಅಥವಾ ಕೂತಿದ್ದಾಗ ಬಂದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯುತ್ತೇವೆ. ನಿಂತಾಗ ಬರುವುದಕ್ಕಿಂತ ಅದು ಜಾಸ್ತಿ ಗಂಭೀರ. ಲೋಕವೇ ಗಿರಗಿರ ತಿರುಗಿದರೆ ಅದು ಕಿವಿಯ ತೊಂದರೆ ಇರಬಹುದು, ಅದನ್ನೂ ಬೇರೆಯಾಗಿ ಬರೆಯಬೇಕು. ಸಕ್ಕರೆ ಕಾಯಿಲೆ ಇರುವವರು ಆ ಹೊತ್ತಿಗೇ ಶುಗರ್ ನೋಡಿ ಬರೆದಿಡುವುದು ಒಳ್ಳೆಯದು. ಹೆಂಗಸರಲ್ಲಿ ರಕ್ತ ಕಡಿಮೆ ಇರುವುದೂ ನಮ್ಮ ಕಡೆ ಸಾಮಾನ್ಯ, ಅದೂ ಒಂದು ಕಾರಣ ಇರಬಹುದು.

ಬಚ್ಚಲುಮನೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಚಳಿ, ಮಳೆ. ಸಕಲೇಶಪುರ, ಮೂಡಿಗೆರೆ ಕಡೆಯಂತೂ ಹಂಡೆ ನೀರು ಮೈ ಸುಡುವಷ್ಟು ಬಿಸಿ ಇಲ್ಲದಿದ್ದರೆ ಸ್ನಾನ ಅನ್ನಿಸುವುದಿಲ್ಲ. ಬಿಸಿನೀರು ಚರ್ಮದ ನಾಳಗಳನ್ನೆಲ್ಲ ಹಿಗ್ಗಿಸುತ್ತದೆ, ಬಿಪಿ ಇಳಿಯುತ್ತದೆ. ಮಣೆಯ ಮೇಲಿಂದ ಪಟ್ಟನೆ ಏಳುತ್ತೇವೆ. ಒಳಗಿಂದ ಚಿಲಕ ಬೇರೆ ಹಾಕಿರುತ್ತೇವೆ. ನೆಲ ಜಾರು. ಹಬ್ಬದ ಎಣ್ಣೆಸ್ನಾನದ ದಿನ ಇದೆಲ್ಲ ಇನ್ನೂ ಹೆಚ್ಚು. ನಾನು ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡಿದ್ದೇನೆ, ಎತ್ತರದ ಸ್ಟೂಲ್ ಇಟ್ಟುಕೊಂಡಿದ್ದೇನೆ, ಚಿಲಕ ಹಾಕುವುದಿಲ್ಲ. ಸ್ನಾನ ಆದ ಮೇಲೆ ಒಂದು ನಿಮಿಷ ಕೂತೇ ಮೈ ಒರೆಸಿಕೊಳ್ಳುತ್ತೇನೆ. ಹೊಟ್ಟೆ ತುಂಬಾ ಮುದ್ದೆ ಉಂಡು ತಕ್ಷಣ ಎದ್ದು ಓಡಾಡುವುದೂ ಇಲ್ಲ. ಊಟದ ನಂತರ ರಕ್ತ ಹೊಟ್ಟೆಯ ಕಡೆ ಹೋಗುತ್ತದೆ, ವಯಸ್ಸಾದವರಿಗೆ ಆಗಲೂ ಬಿಪಿ ಇಳಿಯುತ್ತದೆ. ಶಿವರಾತ್ರಿಯ ಉಪವಾಸದ ವಿಷಯದಲ್ಲಿ ಡಾಕ್ಟರನ್ನು ಕೇಳಿದೆ. ನೀರು ಬಿಡಬೇಡಿ, ಮಾತ್ರೆ ಬಿಡಬೇಡಿ ಅಂದರು. ಹಾಗೇ ಮಾಡುತ್ತೇನೆ.

ಎಲ್ಲೂ ಕೂರಲು ಆಗದ ಕಡೆ ಕಣ್ಣು ಮಸುಕಾದರೆ ಕಾಲನ್ನು ಕತ್ತರಿ ಹಾಕಿ, ತೊಡೆ, ಪೃಷ್ಠ ಬಿಗಿ ಹಿಡಿಯಬೇಕು. ಎರಡೂ ಕೈ ಬೆರಳು ಕೊಂಡಿ ಹಾಕಿ ಜೋರಾಗಿ ಎಳೆಯಬೇಕು. ಕಾಲಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತದೆ. ನಿಂತಾಗ ಬರುವ ಕತ್ತಲೆಗೆ ಇದು ಕೂರಲು ಬೇಕಾದ ಸಮಯ ಕೊಡುತ್ತದೆ. ಹೃದಯವೇ ನಿಂತು ಬರುವ ಕತ್ತಲೆಗೆ ಇದು ನಡೆಯುವುದಿಲ್ಲ.

ಕಾಫಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾಫಿ ನಾಡಿನವರಿಗೆ ಅದು ಬಿಡಿ ಅನ್ನುವುದು ಸುಲಭದ ಮಾತಲ್ಲ. ಇಷ್ಟು ವರ್ಷದ ಅಧ್ಯಯನಗಳಲ್ಲಿ ಹದವಾಗಿ ಕುಡಿಯುವ ಕಾಫಿ ಎಎಫ್ ಹೆಚ್ಚಿಸುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಯಾರಿಗೆ ಕುಡಿದ ಮೇಲೆ ಬರುತ್ತದೆ ಅಂತ ಸ್ಪಷ್ಟವಾಗಿ ಗೊತ್ತೋ ಅವರು ಬಿಟ್ಟರಾಯಿತು. ಮದ್ಯ ಹಾಗಲ್ಲ. ಅದು ಎಎಫ್ ಕೆರಳಿಸುತ್ತದೆ, ಬಿಪಿ ಇಳಿಸುತ್ತದೆ. ಎರಡೂ ಒಟ್ಟಿಗೆ ಆದರೆ ಕಣ್ಣು ಕತ್ತಲೆಗೆ ಬೇರೆ ಏನೂ ಬೇಕಿಲ್ಲ.

ರಕ್ತ ತೆಳುಮಾಡುವ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ಭಾಗ. ನಡುಗುವ ಮೇಲಿನ ಕೋಣೆಯಲ್ಲಿ ರಕ್ತ ಸರಿಯಾಗಿ ಹರಿಯದೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು, ಜನ ಹೇಳುವ ಲಕ್ವ. ಎಎಫ್ ಇದ್ದವರಿಗೆ ಆ ಅಪಾಯ ಸುಮಾರು ಐದು ಪಟ್ಟು. ಅದಕ್ಕಾಗಿಯೇ ವಾರ್ಫರಿನ್, ಅಪಿಕ್ಸಬಾನ್, ಡಾಬಿಗಟ್ರಾನ್ ಥರದ ಮಾತ್ರೆ ಕೊಡುವುದು. ಆದರೆ ಮನೆಯಲ್ಲಿ ವಯಸ್ಸಾದವರಿಗೆ ಒಂದೆರಡು ಸಲ ತಲೆ ಸುತ್ತಿದ ಕೂಡಲೇ "ಬಿದ್ರೆ ರಕ್ತ ನಿಲ್ಲಲ್ಲ" ಅಂತ ಮಕ್ಕಳೇ ಆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ನಮ್ಮ ಬೀದಿಯಲ್ಲೇ ಒಬ್ಬ ಹಿರಿಯರಿಗೆ ಹಾಗಾಯಿತು. ಕಾಳಜಿಯಿಂದಲೇ ನಿಲ್ಲಿಸಿದ್ದು. ಮುಂದೆ ಅವರ ಬಲಗೈ, ಮಾತು ಎರಡೂ ಹೋಯಿತು. ಬೀಳುವ ಭಯ ಸುಳ್ಳಲ್ಲ. ಆದರೆ ಬಹಳಷ್ಟು ಜನರಲ್ಲಿ ಬೀಳುವ ಅಪಾಯಕ್ಕಿಂತ ಲಕ್ವದ ಅಪಾಯ ದೊಡ್ಡದು. ತಲೆ ಸುತ್ತಿನ ಕಾರಣ ಹುಡುಕಿ ಅದನ್ನು ಸರಿಮಾಡಬೇಕು. ಮಾತ್ರೆ ನಿಲ್ಲಿಸುವುದೋ ಮುಂದುವರಿಸುವುದೋ ಡಾಕ್ಟರೇ ಹೇಳಬೇಕು. ಈ ಮಾತ್ರೆ ನುಂಗುವವರು ಬಿದ್ದು ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ, ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತಲೆಯೊಳಗಿನ ರಕ್ತಸ್ರಾವ ಗಂಟೆಗಳ ನಂತರವೂ ಗೊತ್ತಾಗಬಹುದು.

ಕಾಯದೆ ಹೊರಡಬೇಕಾದ ಸಂದರ್ಭಗಳೂ ಇವೆ. ಪೂರ್ತಿ ಪ್ರಜ್ಞೆ ಹೋದರೆ, ಕಣ್ಣು ಕತ್ತಲೆಯ ಜೊತೆ ಎದೆನೋವು ಅಥವಾ ಉಸಿರು ಕಟ್ಟುವುದು ಇದ್ದರೆ, ಮಲಗಿದರೂ ಸರಿಹೋಗದಿದ್ದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ. ಆಗ ಮನೆಮದ್ದು, ಗ್ಯಾಸ್ಟ್ರಿಕ್ ಮಾತ್ರೆ, ನಾಳೆ ನೋಡೋಣ ಯಾವುದೂ ಬೇಡ. ಚಿಕ್ಕ ವಯಸ್ಸಿನವರಿಗೆ ಎದೆ ಓಡಿ ಕಣ್ಣು ಕತ್ತಲೆ ಬಂದರೂ ಹಾಗೇ. ಕೆಲವರಿಗೆ ಹುಟ್ಟಿನಿಂದಲೇ ಹೃದಯದಲ್ಲಿ ಇನ್ನೊಂದು ವಿದ್ಯುತ್ ದಾರಿ ಇರುತ್ತದೆ. ಎವಿ ನೋಡ್ ತಡೆಯಬೇಕಾದ ಸೂಚನೆಗಳು ಆ ದಾರಿಯಿಂದ ನುಸುಳಿ ಕೆಳಗೆ ಇಳಿಯುತ್ತವೆ. ಅದು ಪ್ರಾಣಕ್ಕೇ ಅಪಾಯ, ಮತ್ತು ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಕಾರಣ ಗೊತ್ತಾಗುವ ತನಕ ಗಾಡಿ ಓಡಿಸಬಾರದು. ಇದನ್ನು ಡಾಕ್ಟರು ಹೇಳಿದಾಗ ನನಗೆ ತುಂಬಾ ಬೇಜಾರಾಯಿತು. ಕಟ್ಟಿನಕೆರೆ ಮಾರ್ಕೆಟ್ಟಿಗೆ ಸ್ಕೂಟರಿನಲ್ಲಿ ಹೋಗಿ ನನಗೆ ಬೇಕಾದ ಸೊಪ್ಪನ್ನು ನಾನೇ ಆರಿಸಿ ತರುವುದು ನನ್ನ ದಿನದ ಸಂತೋಷ. ಆದರೆ ಬಿ.ಎಂ. ರಸ್ತೆಯಲ್ಲಿ ಶಾಲೆ ಬಿಟ್ಟ ಹೊತ್ತಿಗೆ ನನಗೆ ಆ ಅರೆ ನಿಮಿಷ ಬಂದರೆ ಬೀಳುವವಳು ನಾನೊಬ್ಬಳೇ ಅಲ್ಲ. ಮೆಟ್ಟಿಲಿನ ಮೇಲೆ ಬಂದದ್ದು ಈಚೆಗೆ ಇನ್ನೊಮ್ಮೆ ಬಂದಿದೆ. ಈ ಸಲ ಓಟ ಶುರುವಾದಾಗ ಬಂತೋ, ನಿಲ್ಲುವಾಗ ಬಂತೋ ಅಂತ ನಮ್ಮನೆಯವರು ಪಕ್ಕದಲ್ಲೇ ಇದ್ದು ನಾಡಿ ಹಿಡಿದು ಬರೆದಿಟ್ಟಿದ್ದಾರೆ. ಹೋಲ್ಟರ್ ಕಟ್ಟಿಸಿಕೊಳ್ಳಲು ಹೋಗುವಾಗ ಆ ಹಾಳೆಯನ್ನೂ ತೆಗೆದುಕೊಂಡು ಹೋಗುತ್ತೇವೆ. ವರದಿ ನೋಡಿ ಡಾಕ್ಟರು ಆಯಿತು ಅನ್ನುವ ತನಕ ಸ್ಕೂಟರ್ ಕೀ ಮಗಳ ಹತ್ತಿರ ಇರುತ್ತದೆ.